ಮುಂದಾಳುವಿನ ಮನಸ್ಸೂ ಒಂದು ಕೆರೆ

ನಾಯಕನೆಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ಕುದುರೆಯ ಮೇಲೆ ಖಡ್ಗ ಹಿಡಿದು ಕುಳಿತವನು, ಇಲ್ಲವೆ ವೇದಿಕೆಯ ಮೇಲೆ ನಿಂತು ಗರ್ಜಿಸುವವನು. ಅವನಿಗೆ ಆಯಾಸವಿಲ್ಲ, ಕಣ್ಣೀರಿಲ್ಲ, ತಪ್ಪೆಂಬುದಂತೂ ಇಲ್ಲವೇ ಇಲ್ಲ. ಯಾರ ಸಹಾಯವೂ ಅವನಿಗೆ ಬೇಡ. ನಾಯಕನ ಗುಣಗಳನ್ನು ಕುರಿತು ಪ್ರಬಂಧ ಬರೆಯಿರೆಂದರೆ ಎಂಟನೆಯ ವರ್ಗದ ಮಕ್ಕಳು ಬರೆಯುವುದೂ ಇದನ್ನೇ. ಹೀಗೆ ಬರೆದವರಲ್ಲಿಯೇ ಒಬ್ಬರು ಮುಂದಿನ ಜೂನಿನಲ್ಲಿ ವರ್ಗನಾಯಕರಾಗುತ್ತಾರೆ. ಆಗ ತಮಗೆ ದಣಿವಾಗುತ್ತದೆ, ಅಳು ಬರುತ್ತದೆ, ಕೆಲಸ ಕೆಡುತ್ತದೆ ಎಂಬುದನ್ನು ಕಂಡು, ತಮ್ಮಲ್ಲಿಯೇ ಏನೋ ಕೊರತೆಯಿದೆಯೆಂದು ತಿಳಿದು ಕುಗ್ಗಿಹೋಗುತ್ತಾರೆ. ಕೊರತೆಯಿರುವುದು ಮಗುವಿನಲ್ಲಲ್ಲ, ಆ ಚಿತ್ರದಲ್ಲಿ. ಅದನ್ನು ತಿದ್ದುವುದಕ್ಕಾಗಿಯೇ ಈ ಲೇಖನ.

ಈಚಿನ ವರ್ಷಗಳಲ್ಲಿ ವಿದ್ವಾಂಸರು ಇನ್ನೊಂದು ಬಗೆಯ ಮುಂದಾಳತನದ ವಿಚಾರ ಮಾಡತೊಡಗಿದ್ದಾರೆ. ಅದನ್ನು ‘ಪುನಶ್ಚೇತಕ ನಾಯಕತ್ವ’ ಎಂದು ಕರೆಯಬಹುದು. ಹೆಸರು ದೊಡ್ಡದಾಯಿತು, ಅರ್ಥ ಸರಳವಾಗಿದೆ. ಈ ಮಾತು ಒಕ್ಕಲುತನದಿಂದ ಬಂದದ್ದು. ಭೂಮಿಯಿಂದ ಬೆಳೆ ತೆಗೆದುಕೊಳ್ಳುವಾಗಲೇ ಅದರ ಸತ್ವವೂ ಮರಳಿ ಹೆಚ್ಚುವಂತೆ ಮಾಡುವ ಬೇಸಾಯವನ್ನು ಅಮೆರಿಕದ ರಾಬರ್ಟ್ ರೋಡೇಲ್ ಎಂಬವರು 1980ರ ದಶಕದಲ್ಲಿ ಪ್ರಚಾರಕ್ಕೆ ತಂದರು. ನಮ್ಮ ರೈತರಿಗೆ ಇದು ಹೊಸ ಸಂಗತಿಯೇನಲ್ಲ. ಹೊಲದಲ್ಲಿ ಕುರಿ ತರುಬಿಸುವವನಿಗೆ, ಜೋಳದ ನಡುವೆ ತೊಗರಿಯ ಸಾಲು ಬಿಡುವವನಿಗೆ ಇದರ ಮರ್ಮ ಗೊತ್ತಿದೆ. ಅದೇ ವಿಚಾರವನ್ನು ಮನುಷ್ಯರಿಗೆ ಅನ್ವಯಿಸಿದರೆ ಹೀಗಾಗುತ್ತದೆ: ಕೆಲಸವೂ ಆಗಬೇಕು, ಕೆಲಸ ಮಾಡಿದವರೂ ಬಾಡದೆ ಉಳಿಯಬೇಕು. ಕೆಲಸ ಮಾಡಿದವರ ಲೆಕ್ಕದಲ್ಲಿ ಮುಂದಾಳುವೂ ಸೇರಿದ್ದಾನೆ. ಇಲ್ಲಿಯೇ ಎಲ್ಲರೂ ಮರೆಯುವುದು.

ಕೆರೆಯ ಉದಾಹರಣೆ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಹರಿದು ಬರುವ ಹೊಳೆ ಹಳ್ಳಗಳು ನೀರನ್ನಷ್ಟೇ ತರುವುದಿಲ್ಲ, ಮಣ್ಣನ್ನೂ ತರುತ್ತವೆ. ನೀರು ಬಳಕೆಯಾಗಿ ಹೋಗುತ್ತದೆ, ಮಣ್ಣು ತಳದಲ್ಲಿ ಕೂಡುತ್ತದೆ. ಹತ್ತಿಪ್ಪತ್ತು ವರ್ಷಗಳ ತರುವಾಯ ನೋಡಿದರೆ ಕೆರೆಯ ಏರಿ ಅಷ್ಟೇ ಎತ್ತರವಾಗಿದೆ, ತುಂಬಿದಾಗ ಅಷ್ಟೇ ಅಗಲವಾಗಿ ಹೊಳೆಯುತ್ತದೆ. ಆದರೆ ಬೇಸಿಗೆ ಬರುವ ಮೊದಲೇ ಬತ್ತುತ್ತದೆ. ದಂಡೆಯ ಮೇಲೆ ನಿಂತವರಿಗೆ ಕಾರಣ ತಿಳಿಯುವುದಿಲ್ಲ. ಮುಂದಾಳುವಿನ ಮನಸ್ಸಿನಲ್ಲಿಯೂ ಹೀಗೆಯೇ ಹೂಳು ಕೂಡುತ್ತದೆ. ಒಂದು ದಿನ ಕೇಳಿದ ಚುಚ್ಚುಮಾತು, ಒಂದು ದಿನದ ಸೋಲು, ‘ನಾನೊಬ್ಬನೇ ದುಡಿಯುತ್ತಿದ್ದೇನೆ’ ಎಂಬ ನೋವು, ನಿದ್ರೆಗೆಟ್ಟ ರಾತ್ರಿಗಳು. ಹೊರಗಿನಿಂದ ನೋಡಿದರೆ ಅವನು ಮೊದಲಿನಂತೆಯೇ ಇದ್ದಾನೆ. ಒಳಗೆ ನೀರು ನಿಲ್ಲುವಷ್ಟು ಜಾಗವಿಲ್ಲ.

ಹೂಳನ್ನು ತೆಗೆದು ಎಲ್ಲಿ ಹಾಕುತ್ತಾರೆಂಬುದನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಮಹಾರಾಷ್ಟ್ರ ಸರಕಾರವು 2017ರಲ್ಲಿ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಎಂಬ ಯೋಜನೆಯನ್ನು ಆರಂಭಿಸಿತು. ಗಾಳವೆಂದರೆ ಹೂಳು, ಶಿವಾರವೆಂದರೆ ಹೊಲಗಳ ಪ್ರದೇಶ. ಕೆರೆಗೆ ಭಾರವಾಗಿದ್ದ ಮಣ್ಣು ಬರಡು ಹೊಲಕ್ಕೆ ಬಿದ್ದಾಗ ಗೊಬ್ಬರದಂತೆ ಕೆಲಸ ಮಾಡುತ್ತದೆ. ಮನಸ್ಸಿನ ಹೂಳಿನ ಮಾತೂ ಇದಕ್ಕಿಂತ ಬಹಳ ಬೇರೆಯಲ್ಲ. ಅದನ್ನು ಮುಂದೆ ನೋಡೋಣ.

ಕೆರೆಯ ಮಾತು ಬಂದ ಮೇಲೆ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಸೊನ್ನಲಿಗೆಯೆಂದರೆ ಇಂದಿನ ಸೋಲಾಪುರ. ಬಸ್ಸಿನಲ್ಲಿ ಸೋಲಾಪುರಕ್ಕೆ ಹೋಗಿಬರುವ ನಮ್ಮ ಮಕ್ಕಳೆಲ್ಲ ಆ ಕೆರೆಯನ್ನು, ಅದರ ನಡುವಿನ ಗುಡಿಯನ್ನು ನೋಡಿದ್ದಾರೆ. ಹನ್ನೆರಡನೆಯ ಶತಮಾನದ ಈ ಶರಣರ ಕಥೆಯನ್ನು ಕವಿ ರಾಘವಾಂಕನು ‘ಸಿದ್ಧರಾಮ ಚಾರಿತ್ರ’ವೆಂಬ ಷಟ್ಪದಿ ಕಾವ್ಯದಲ್ಲಿ ಹೇಳಿದ್ದಾನೆ. ಅವರನ್ನು ನಾವು ಪವಾಡಪುರುಷರೆಂದು ಪೂಜಿಸುತ್ತೇವೆ, ಗಡ್ಡದ ಜಾತ್ರೆಯಲ್ಲಿ ಜಯಕಾರ ಹಾಕುತ್ತೇವೆ. ಮುಂದಾಳುವೆಂದು ಅವರನ್ನು ಓದುವುದು ಕಡಿಮೆ. ಹಾಗೆ ಓದಿದರೆ ಅವರ ಬಾಳಿನ ಎರಡು ಪ್ರಸಂಗಗಳು ಬಹಳ ಮುಖ್ಯವಾಗಿ ಕಾಣುತ್ತವೆ.

ಮೊದಲನೆಯದು ಬಾಲ್ಯದ ಪ್ರಸಂಗ. ಹೊಲ ಕಾಯುತ್ತಿದ್ದ ಬಾಲಕನ ಬಳಿಗೆ ಮಲ್ಲಯ್ಯನೆಂಬ ಜಂಗಮ ಬಂದು ಹಸಿವೆಂದನು. ಬಾಲಕನು ಊಟ ತರಲು ಮನೆಗೆ ಓಡಿ ಮರಳಿ ಬರುವಷ್ಟರಲ್ಲಿ ಜಂಗಮನಿಲ್ಲ. ಬಂದವನು ಶ್ರೀಶೈಲದ ಮಲ್ಲಿಕಾರ್ಜುನನೇ. ಮಲ್ಲಯ್ಯಾ, ಮಲ್ಲಯ್ಯಾ ಎಂದು ಕೂಗುತ್ತ ಆ ಎಳೆಯ ಜೀವ ಯಾತ್ರಿಕರ ಜೊತೆ ಶ್ರೀಶೈಲದವರೆಗೆ ಹೋಯಿತು. ಅಲ್ಲಿಯೂ ತನ್ನ ಮಲ್ಲಯ್ಯ ಕಾಣದಾದಾಗ ಬೆಟ್ಟದಲ್ಲಿ ಅಲೆದು, ಬಳಲಿ, ಪ್ರಪಾತದ ಅಂಚಿಗೆ ಬಂದು ನಿಂತಿತು. ಆಗ ಮಲ್ಲಿಕಾರ್ಜುನನು ಅವನನ್ನು ಕೈಹಿಡಿದು ಕಾಪಾಡಿದನೆಂದು ಕಥೆ. ನಾವು ಗಮನಿಸಬೇಕಾದದ್ದು ಮುಂದಿನ ಮಾತನ್ನು. ದೇವರು ಅವನನ್ನು ತನ್ನ ಬಳಿಯಲ್ಲಿ ಇರಿಸಿಕೊಳ್ಳಲಿಲ್ಲ. ಅತ್ತದ್ದಕ್ಕೆ, ದಾರಿಗೆಟ್ಟದ್ದಕ್ಕೆ ಬೈಯಲೂ ಇಲ್ಲ. ನಿನ್ನ ಊರಿಗೆ ಮರಳು, ಸೊನ್ನಲಿಗೆಯನ್ನೇ ಶ್ರೀಶೈಲವಾಗಿ ಮಾಡು ಎಂದು ಕಳುಹಿಸಿದನು. ಊರಿಗೆ ಕೆರೆ ಕಟ್ಟಿಸಿದ ಕೈಗಳು ಹಿಂದೊಮ್ಮೆ ಸೋತು ಕುಸಿದು ಇನ್ನೊಬ್ಬರ ಕೈ ಹಿಡಿದು ಎದ್ದ ಕೈಗಳೇ. ಮಕ್ಕಳೇ, ಈ ಮಾತನ್ನು ನಾವು ಕಥೆಯ ಸಲುವಾಗಿ ಹೇಳುತ್ತಿಲ್ಲ. ನಿಮಗೂ ಎಂದಾದರೂ ಎಲ್ಲ ಮುಗಿಯಿತೆಂದು ಅನ್ನಿಸಿದರೆ ಒಬ್ಬರೇ ಅಲೆಯಬೇಡಿರಿ. ಮನೆಯಲ್ಲಿ ಅಜ್ಜಿಗೆ ಹೇಳಿರಿ, ಅಕ್ಕನಿಗೆ ಹೇಳಿರಿ, ಶಿಕ್ಷಕರ ಕೋಣೆಗೆ ಬಂದು ನಮಗೆ ಹೇಳಿರಿ. ಹೊತ್ತುಗೊತ್ತು ನೋಡಬೇಕಾಗಿಲ್ಲ.

ಎರಡನೆಯ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿ ಬರುತ್ತದೆ. ಈಗ ಸಿದ್ಧರಾಮರು ಊರಿಗೇ ದೊಡ್ಡವರು. ಕೆರೆ ಅಗೆಯುವ ಕೆಲಸ ಭರದಿಂದ ಸಾಗಿದೆ. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಕೆಲಸದವರನ್ನು ‘ನಿಮ್ಮ ಒಡ್ಡರಾಮ ಎಲ್ಲಿ?’ ಎಂಬರ್ಥದಲ್ಲಿ ಕೇಳಿಬಿಟ್ಟರು. ಒಡೆಯನಿಗೆ ಅವಮಾನವಾಯಿತೆಂದು ಕೆಲಸದವರು ಕಲ್ಲು ಬೀರಿದರು. ಸುದ್ದಿ ಕೇಳಿ ಬಂದ ಸಿದ್ಧರಾಮರಿಗೂ ಕೋಪ ಉರಿಯಿತು. ಆ ಕೋಪದ ಬೆಂಕಿ ಪ್ರಭುಗಳನ್ನು ಸುಡಲಾರದೆ ಹೋಯಿತು. ಆಗ ಅವರಿಗೆ ಅರಿವಾಯಿತು. ಇದನ್ನು ಓದಿದವರು ಸಾಮಾನ್ಯವಾಗಿ, ಅಲ್ಲಮರು ಕೆರೆ ಕಟ್ಟುವುದನ್ನೇ ಹಳಿದರೆಂದು ಹೇಳುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಇಷ್ಟು ದೊಡ್ಡ ಲೋಕೋಪಕಾರ ಮಾಡುವವನು ಒಂದು ಹಗುರ ಮಾತಿಗೆ ಹೀಗೆ ಹೊತ್ತಿ ಉರಿದನಲ್ಲ, ಅವನೊಳಗೆ ಕೂಡಿದ ಹೂಳು ಎಷ್ಟು ಎಂಬುದನ್ನು ಪ್ರಭುಗಳು ತೋರಿಸಿದರು. ಕೆಲಸವೇ ನಾನು, ನಾನೇ ಕೆಲಸ ಎಂದುಕೊಂಡವನಿಗೆ ಕೆಲಸದ ಮೇಲೆ ಬಂದ ಮಾತು ಜೀವದ ಮೇಲೆ ಬಂದಂತಾಗುತ್ತದೆ. ಸಭೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಕ್ಕೆ ಸಿಡಿದೇಳುವ ಅಧ್ಯಕ್ಷರನ್ನು ನಾವೆಲ್ಲ ಕಂಡೇ ಇದ್ದೇವೆ.

ಅಲ್ಲಮರು ತೋರಿಸಿ ಅಲ್ಲಿಗೇ ಬಿಡಲಿಲ್ಲ. ಸಿದ್ಧರಾಮರನ್ನು ತಮ್ಮ ಜೊತೆಯಲ್ಲಿಯೇ ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಬಸವಣ್ಣನವರಿದ್ದರು, ಶರಣರ ಸಮೂಹವಿತ್ತು. ಅಣ್ಣ, ಅಕ್ಕ, ಅಯ್ಯ ಎಂದು ಒಬ್ಬರನ್ನೊಬ್ಬರು ಕರೆಯುವ ಆ ಬಳಗದಲ್ಲಿ ಸಿದ್ಧರಾಮರು ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಕೊನೆಗೆ ಅವರು ಸಮಾಧಿ ಹೊಂದಿದ್ದು ಸೊನ್ನಲಿಗೆಯಲ್ಲಿಯೇ, ತಾವು ಕಟ್ಟಿಸಿದ ಕೆರೆಯ ನಡುವಿನ ಗುಡಿಯಲ್ಲಿಯೇ ಎಂಬುದು ಜನರ ಶ್ರದ್ಧೆ. ಅವರ ಸಾವಿರಕ್ಕೂ ಹೆಚ್ಚು ವಚನಗಳು ನಮಗೆ ದೊರೆತಿವೆ. ತಮ್ಮ ಮನಸ್ಸನ್ನು ತಾವೇ ವಿಚಾರಿಸಿಕೊಳ್ಳುವ ದನಿ ಅವುಗಳಲ್ಲಿ ಎಷ್ಟೋ ಕಡೆ ಕೇಳುತ್ತದೆ. ಹೂಳು ಗೊಬ್ಬರವಾಗುವುದೆಂದರೆ ಹೀಗೆ.

ಇನ್ನು ನಮ್ಮ ಕಾಲಕ್ಕೆ, ನಮ್ಮ ಶಾಲೆಗೆ ಬರೋಣ. ಒಂದು ವರ್ಷದ ಸ್ನೇಹಸಮ್ಮೇಳನದ ಮರುದಿನ ಒಂಬತ್ತನೆಯ ವರ್ಗದ ನಾಯಕಿ ಶಿಕ್ಷಕರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಹಿಂದಿನ ರಾತ್ರಿ ಅವರ ವರ್ಗದ ನಾಟಕದಲ್ಲಿ ಒಬ್ಬ ಹುಡುಗ ಮಾತು ಮರೆತಿದ್ದ, ಪರದೆ ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಜನ ನಕ್ಕಿದ್ದರು. ‘ಸರ್, ನನ್ನ ಹೆಸರ ತಗದ ಬಿಡ್ರಿ. ನನ್ನಿಂದನ ಎಲ್ಲಾ ಕೆಟ್ಟಿತು’ ಎಂದಳು. ‘ಯಾಕವಾ, ಪರದೆ ನೀನ ಹಿಡದಿದ್ದೇನು?’ ಎಂದರೆ ಉತ್ತರವಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು: ವೇಷಭೂಷಣ ತಂದವಳೂ ಅವಳೇ, ಮಾತು ಬರೆದು ಹಂಚಿದವಳೂ ಅವಳೇ, ಮೂರು ದಿನ ಸರಿಯಾಗಿ ಊಟ ಮಾಡಿಲ್ಲ, ಯಾರಿಗೂ ಕೆಲಸ ಹೇಳಲಿಲ್ಲ, ಹೇಳಿದರೆ ಕೆಡಿಸುತ್ತಾರೆಂಬ ಅಂಜಿಕೆ. ಮಾತು ಮರೆತ ಹುಡುಗನನ್ನು ರಾತ್ರಿ ಎಲ್ಲರ ಮುಂದೆ ಬೈದಿದ್ದಳು ಕೂಡ. ಅವಳಿಗೆ ನಾವು ಒಂದೇ ಪ್ರಶ್ನೆ ಕೇಳಿದೆವು. ಈ ಮಾತನ್ನೇ ನಿನ್ನ ಗೆಳತಿ ಬಂದು ನಿನಗೆ ಹೇಳಿದ್ದರೆ ನೀನು ಅವಳಿಗೆ ಏನು ಹೇಳುತ್ತಿದ್ದೆ? ಬಹಳ ಹೊತ್ತಿನ ಮೇಲೆ, ‘ಇರ್ಲಿ ಬಿಡು, ಮುಂದಿನ ಸಲ ಎಲ್ಲಾರೂ ಕೂಡಿ ಮಾಡೂಣು ಅಂತಿದ್ದೆ’ ಎಂದಳು. ಹಾಗಾದರೆ ನಿನಗೂ ಅದನ್ನೇ ಹೇಳಿಕೋ ಎಂದೆವು. ಅಂದು ಮಧ್ಯಾಹ್ನ ಅವಳು ತಾನಾಗಿಯೇ ಹೋಗಿ ಆ ಹುಡುಗನೊಡನೆ ಮಾತಾಡಿದಳು. ತನ್ನನ್ನು ಹೊಡೆದುಕೊಳ್ಳುತ್ತಿದ್ದ ಬಾರುಕೋಲಿನಿಂದಲೇ ಅವನನ್ನೂ ಹೊಡೆದಿದ್ದಳು. ಅದನ್ನು ಕೆಳಗಿಟ್ಟಾಗ ಇಬ್ಬರಿಗೂ ಬಿಡುಗಡೆಯಾಯಿತು.

ನಮ್ಮ ಈ ಪ್ರಶ್ನೆಯ ಹಿಂದೆ ಶಾಸ್ತ್ರವೂ ಇದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಅವರು 2003ರಲ್ಲಿ, ತನ್ನ ಮೇಲೆ ತನಗಿರಬೇಕಾದ ಕರುಣೆಯನ್ನು ಕುರಿತು ಲೇಖನಗಳನ್ನು ಪ್ರಕಟಿಸಿದರು. ಅದರಲ್ಲಿ ಮೂರು ಎಳೆಗಳಿವೆಯೆಂದು ಅವರು ತೋರಿಸಿದರು. ಸೋತಾಗ ತನ್ನೊಡನೆ ಗೆಳೆಯನಂತೆ ಮಾತಾಡುವುದು ಒಂದು ಎಳೆ. ಸೋಲು ನನ್ನೊಬ್ಬನಿಗೇ ಬಂದದ್ದಲ್ಲ, ಮನುಷ್ಯರೆಲ್ಲರಿಗೂ ಬರುವಂಥದು ಎಂದು ತಿಳಿಯುವುದು ಇನ್ನೊಂದು. ನೋವನ್ನು ಮುಚ್ಚಿಡದೆ, ಹಿಗ್ಗಿಸದೆ, ಇದ್ದಂತೆ ನೋಡುವ ಎಚ್ಚರ ಮೂರನೆಯದು. ಎರಡನೆಯ ಎಳೆಯನ್ನು ಗಮನಿಸಿರಿ. ತನ್ನ ಮೇಲಿನ ಕರುಣೆಯೆಂದರೆ ಕದ ಹಾಕಿಕೊಂಡು ಕೂಡುವುದಲ್ಲ. ಅದರ ಬಾಗಿಲು ಇತರರ ಕಡೆಗೇ ತೆರೆಯುತ್ತದೆ. ಬೌದ್ಧರ ‘ವಿಸುದ್ಧಿಮಗ್ಗ’ದಲ್ಲಿ ಬುದ್ಧಘೋಷನು ಮೈತ್ರಿಯ ಭಾವನೆಯನ್ನು ಮೊದಲು ತನ್ನಿಂದಲೇ ಆರಂಭಿಸಿ ಬಳಿಕ ಗೆಳೆಯರಿಗೆ, ಕೊನೆಗೆ ವೈರಿಗೂ ಹರಡಬೇಕೆಂದು ಹೇಳಿ ಸಾವಿರದ ಐದುನೂರು ವರ್ಷಗಳೇ ಆದವು.

ಇಲ್ಲಿ ಪಾಲಕರು ಒಂದು ಪ್ರಶ್ನೆ ಕೇಳುತ್ತಾರೆ, ಕೇಳಬೇಕು ಕೂಡ. ‘ಹೀಗೆ ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುತ್ತ ಕುಳಿತರೆ ಮಕ್ಕಳು ಸೋಮಾರಿಗಳಾಗುವುದಿಲ್ಲವೆ?’ ಇದನ್ನೇ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಎಂಬವರು ಪರೀಕ್ಷಿಸಿ ನೋಡಿ 2012ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಕಠಿಣವಾದ ಶಬ್ದಪರೀಕ್ಷೆಯೊಂದನ್ನು ಕೊಟ್ಟರು. ಅದರಲ್ಲಿ ಅವರು ಎಡವಿದರು. ಆಮೇಲೆ ಒಂದು ಗುಂಪಿನವರಿಗೆ, ಇದು ಎಲ್ಲರಿಗೂ ಕಠಿಣವೇ, ನಿಮ್ಮ ಮೇಲೆ ನೀವು ಕಠೋರವಾಗಬೇಡಿರಿ ಎಂಬ ಭಾವನೆ ಬರುವಂತೆ ಹೇಳಿದರು. ಮುಂದಿನ ಪರೀಕ್ಷೆಗೆ ಓದಲು ಬಿಟ್ಟಾಗ ಹೆಚ್ಚು ಹೊತ್ತು ಓದಿದವರು ಈ ಗುಂಪಿನವರೇ. ಕಾರಣ ಊಹಿಸುವುದು ಕಷ್ಟವಲ್ಲ. ತಪ್ಪಿಗೆ ಬರೆ ಬೀಳುತ್ತದೆಂದು ಗೊತ್ತಿರುವ ಮಗು ತಪ್ಪನ್ನು ಬಚ್ಚಿಡುತ್ತದೆ. ಬಚ್ಚಿಟ್ಟದ್ದನ್ನು ತಿದ್ದುವುದು ಹೇಗೆ? ಆ ಮನೆಯ ಹುಡುಗನನ್ನು ನೋಡಿ ಕಲಿ ಎಂಬ ಮಾತು ನಮ್ಮ ಕಡೆ ಉಪ್ಪಿನಕಾಯಿಯಂತೆ ಪ್ರತಿ ಊಟಕ್ಕೂ ಬೀಳುತ್ತದೆ. ಅದನ್ನು ಸ್ವಲ್ಪ ಕಡಿಮೆ ಮಾಡಿದರೂ ಸಾಕೆಂದು ನಮ್ಮ ವಿನಂತಿ.

ವಿಶ್ರಾಂತಿಯನ್ನು ಕುರಿತೂ ಹೇಳಬೇಕು. 1927ರ ಮಾರ್ಚ್ ತಿಂಗಳಿನಲ್ಲಿ ಗಾಂಧೀಜಿ ಖಾದಿಯ ಪ್ರಚಾರಕ್ಕಾಗಿ ನಮ್ಮ ಈ ಸೀಮೆಯ ಪಶ್ಚಿಮಕ್ಕಿರುವ ಕೊಲ್ಲಾಪುರದ ಕಡೆ ಸಂಚರಿಸುತ್ತಿದ್ದರು. ಸಭೆಯ ಮೇಲೆ ಸಭೆ. ರಕ್ತದ ಒತ್ತಡ ಏರಿ ಅವರು ಕುಸಿದರು. ಆಗ ಅವರಿಗೆ 57 ವರ್ಷ. ವೈದ್ಯರ ಮಾತಿನಂತೆ ಪ್ರವಾಸವನ್ನು ನಿಲ್ಲಿಸಿ ಮೊದಲು ಅಂಬೋಲಿಯಲ್ಲಿ, ಆಮೇಲೆ ಸುಮಾರು ಒಂದೂವರೆ ತಿಂಗಳು ನಂದಿಬೆಟ್ಟದಲ್ಲಿ, ಅಲ್ಲಿಂದ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ವಿಶ್ರಾಂತಿ ಪಡೆದರು. ದೇಶವೆಲ್ಲ ಕಾದು ನಿಂತಿರುವಾಗ ಬೆಟ್ಟದ ಮೇಲೆ ಸುಮ್ಮನಿರುವುದು ಸಣ್ಣ ಮಾತಲ್ಲ. ಸುಮ್ಮನಿದ್ದರೆಂದರೂ ತಮ್ಮ ಜನರ ಸಂಪರ್ಕ ಕಡಿದುಕೊಳ್ಳಲಿಲ್ಲ. ಸಾಬರಮತಿ ಆಶ್ರಮದ ಸ್ತ್ರೀಯರಿಗೆ ಪತ್ರ ಬರೆಯುವ ರೂಢಿಯನ್ನು ಅಲ್ಲಿಂದಲೂ ನಡೆಸಿದರು. ಚೇತರಿಸಿಕೊಂಡ ಮೇಲೆ ಅದೇ ವರ್ಷ ಮೈಸೂರು ಸೀಮೆಯಲ್ಲಿ ಪ್ರವಾಸ ಮುಂದುವರಿಯಿತು, ನವೆಂಬರಿನ ಹೊತ್ತಿಗೆ ಸಿಂಹಳಕ್ಕೂ ಹೋಗಿ ಬಂದರು. ಸೋಮವಾರದ ಮೌನವಂತೂ ಅವರ ನಿತ್ಯಕ್ರಮದಲ್ಲಿಯೇ ಸೇರಿತ್ತು. ಬಿಡುವಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಮ್ಮ ಊರಿನ ಕಾರ್ಯಕರ್ತರು ಅವರಿಗಿಂತ ಹೆಚ್ಚು ಕೆಲಸದಲ್ಲಿರುವರೇ, ನೋಡಬೇಕು.

ಈ ಮಾತು ಗಡಿಯಾಚೆಗೆ ಉಳಿದ ನಮ್ಮಂಥವರಿಗೆ ಹೆಚ್ಚು ಮುಖ್ಯ. ಕನ್ನಡ ಶಾಲೆ ಉಳಿಯಬೇಕು, ವಾಚನಾಲಯ ನಡೆಯಬೇಕು, ಪಠ್ಯಪುಸ್ತಕ ವೇಳೆಗೆ ಬರಬೇಕು, ರಾಜ್ಯೋತ್ಸವ ಆಗಬೇಕು. ಇವೆಲ್ಲ ಪ್ರತಿ ಊರಿನಲ್ಲಿಯೂ ಒಬ್ಬರ ಇಲ್ಲವೆ ಇಬ್ಬರ ಹೆಗಲ ಮೇಲೆ ನಿಂತಿರುತ್ತವೆ. ಅಂಥವರು ಹತ್ತು ವರ್ಷ ದುಡಿಯುತ್ತಾರೆ, ಹನ್ನೊಂದನೆಯ ವರ್ಷ ಕಹಿಯಾಗುತ್ತಾರೆ. ‘ಯಾರಿಗೂ ಬೇಕಾಗಿಲ್ಲ, ನನಗ್ಯಾಕೆ’ ಎಂದು ಒಂದು ದಿನ ಕೀಲಿಕೈ ಮೇಜಿನ ಮೇಲಿಟ್ಟು ಹೋಗುತ್ತಾರೆ. ಸಂಘ ಅಂದಿಗೆ ಮುಗಿಯುತ್ತದೆ. ಜನರಿಗೆ ಭಾಷೆಯ ಮೇಲೆ ಪ್ರೀತಿಯಿಲ್ಲವೆಂದು ಆಮೇಲೆ ಭಾಷಣಗಳಾಗುತ್ತವೆ. ಪ್ರೀತಿ ಇತ್ತು. ಹೊರುವ ಕೈಗಳು ಬದಲಾಗಲಿಲ್ಲ, ಅಷ್ಟೇ.

ಸೋಲಾಪುರದ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಮೆರವಣಿಗೆ ಹೊರಟು ಊರ ಸುತ್ತಲಿನ 68 ಲಿಂಗಗಳ ದರ್ಶನ ಮಾಡುವುದನ್ನು ನೀವು ನೋಡಿದ್ದೀರಿ. ಅಷ್ಟೆತ್ತರದ ಧ್ವಜವನ್ನು ಎಂಥ ಗಟ್ಟಿಗನೂ ಕೊನೆಯತನಕ ಒಬ್ಬನೇ ಹೊರುವುದಿಲ್ಲ. ದಣಿದವನು ಬಿಡುತ್ತಾನೆ, ಪಕ್ಕದವನು ಹಿಡಿಯುತ್ತಾನೆ, ಬಿಟ್ಟವನನ್ನು ಯಾರೂ ಹೇಡಿಯೆನ್ನುವುದಿಲ್ಲ. ಪಂಢರಪುರದ ವಾರಿಯಲ್ಲಿಯೂ ಹಾಗೆಯೇ. ದಿನದಿನಕ್ಕೆ ಗೊತ್ತಾದ ಮುಕ್ಕಾಮಿನಲ್ಲಿ ದಿಂಡಿ ನಿಲ್ಲುತ್ತದೆ. ಗುರುತಿಲ್ಲದವರು ಒಬ್ಬರನ್ನೊಬ್ಬರು ‘ಮಾವುಲಿ’, ಅಂದರೆ ತಾಯಿ, ಎಂದು ಕರೆದು ಕಾಲು ಮುಟ್ಟುತ್ತಾರೆ. ನಮ್ಮ ತಾಯಂದಿರ ಬಚತ ಗಟಗಳೂ ಈ ಪಾಠವನ್ನು ಬಲ್ಲವು. ಒಬ್ಬಳ ಕಂತು ಒಂದು ತಿಂಗಳು ತಪ್ಪಿದರೆ ಮೊದಲು ಅವಳ ಮನೆಗೆ ಹೋಗಿ ಏನಾಯಿತೆಂದು ಕೇಳುವ ಗಟ ಬಾಳುತ್ತದೆ. ಮೊದಲು ದಂಡ ಹಾಕುವ ಗಟ ಬೇಗ ಒಡೆಯುತ್ತದೆ.

ಹಾಗಾದರೆ ಇದನ್ನು ಅಭ್ಯಾಸ ಮಾಡುವುದು ಹೇಗೆ? ದೊಡ್ಡ ಸಾಧನೆಯೇನೂ ಬೇಡ. ರಾತ್ರಿ ಮಲಗುವ ಮುಂಚೆ ವಹಿಯಲ್ಲಿ ಎರಡು ಮೂರು ಸಾಲು ಬರೆಯಿರಿ: ಇಂದು ಏನು ಕೆಟ್ಟಿತು, ನನ್ನ ಗೆಳೆಯನಿಗೆ ಹೀಗಾಗಿದ್ದರೆ ನಾನು ಏನು ಹೇಳುತ್ತಿದ್ದೆ, ನಾಳೆ ಯಾರ ಸಹಾಯ ಕೇಳುತ್ತೇನೆ. ಕೊನೆಯ ಸಾಲೇ ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಜಾಣ ಮಕ್ಕಳು ಸಹಾಯ ಕೊಡಲು ಸದಾ ಸಿದ್ಧರು, ಕೇಳಲು ಮಾತ್ರ ನಾಚುತ್ತಾರೆ. ಕೇಳಿದಾಗ ನೀವು ಇನ್ನೊಬ್ಬರಿಗೆ ಒಂದು ಗೌರವ ಕೊಟ್ಟಂತಾಗುತ್ತದೆ. ನೀನು ಬಲ್ಲವನು, ನಿನ್ನ ಕೈಯಿಂದ ಆಗುತ್ತದೆ ಎಂದು ಹೇಳಿದಂತಾಗುತ್ತದೆ. ಮಾತು ಮರೆತ ಆ ಹುಡುಗ ಮರುವರ್ಷ ಪರದೆಯ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡನು. ಹಗ್ಗಕ್ಕೆ ಮೊದಲೇ ಎಣ್ಣೆ ಹಚ್ಚಿಟ್ಟಿದ್ದನು.

ಬರುವ ಜೂನಿನಿಂದ ನಮ್ಮ ಶಾಲೆಯಲ್ಲಿ ಪ್ರತಿ ವರ್ಗಕ್ಕೂ ಒಬ್ಬ ಹುಡುಗ, ಒಬ್ಬ ಹುಡುಗಿ ಹೀಗೆ ಇಬ್ಬರು ನಾಯಕರಿರುತ್ತಾರೆ. ದೀಪಾವಳಿಯ ರಜೆಯ ನಂತರ ಬೇರೆ ಇಬ್ಬರು ಬರುತ್ತಾರೆ. ಬಿಟ್ಟುಕೊಟ್ಟವರು ಒಂದು ತಿಂಗಳು ಹೊಸಬರ ಪಕ್ಕದಲ್ಲಿದ್ದು ಕೆಲಸ ತೋರಿಸಿಕೊಡಬೇಕು. ತಿಂಗಳ ಮೊದಲ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಎಲ್ಲ ನಾಯಕರೂ ಬೇವಿನ ಗಿಡದ ಕೆಳಗೆ ಕೂಡುತ್ತಾರೆ. ಅಲ್ಲಿ ವರದಿ ಓದುವುದಿಲ್ಲ, ಯಾರಿಗೆ ಏನು ಭಾರವಾಗಿದೆಯೆಂದು ಮಾತಾಡುವುದಷ್ಟೇ. ಪಾಲಕರಲ್ಲಿ ಬಿಡುವಿದ್ದವರು ಬಂದು ಕೂಡಬಹುದು. ತಾಯಂದಿರು ಬಂದರೆ ನಮಗೆ ಇನ್ನೂ ಸಂತೋಷ.